ಎತ್ತಿದ ಗಾಡಿ, ಇಳಿಸಬೇಕಾದ ಬೆಳಕು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೈಲಹೊಂಗಲದಿಂದ ಸವದತ್ತಿಗೆ, ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಗಳ ರಾತ್ರಿಯೇ ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ನಿಧಾನಕ್ಕೆ ಸಾಗಿರುತ್ತದೆ. ಹಿಂದಿನ ಟ್ರೇಲರಿಗೆ ಕೆಂಪು ದೀಪ ಇದ್ದರೆ ಇದ್ದೀತು, ಇಲ್ಲದಿದ್ದರೆ ಇಲ್ಲ. ಅದರ ಬೆನ್ನಿಗೆ, ಸಂತೆ ಮುಗಿಸಿ ಬೈಕಿನ ಮೇಲೆ ಊರಿಗೆ ಮರಳುವ ಗಂಡ ಹೆಂಡತಿ. ಎದುರಿನಿಂದ ಒಂದು ಎಸ್‌ಯುವಿ ಬರುತ್ತದೆ. ಅದರ ಚಾಲಕ ತಿಳಿದವನು, ಲೈಟ್ ಡಿಪ್ ಮಾಡಿದ್ದಾನೆ. ಆದರೂ ಬೈಕ್ ಸವಾರನ ಕಣ್ಣೆದುರು ಬೆಳ್ಳನೆಯ ಗೋಡೆ ಎದ್ದಂತಾಗಿ ಮುಂದಿದ್ದ ಟ್ರೇಲರ್ ಮಾಯವಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಸುಧಾರಿಸಿಕೊಳ್ಳಲು ಮೂರೇ ಸೆಕೆಂಡ್ ಹಿಡಿದರೂ 50 ಮೀಟರ್ ದಾರಿಯನ್ನು ಅವನು ಕಾಣದೆ ಸಾಗಿದಂತಾಯಿತು.

ಡಿಪ್ ಮಾಡಿಯೂ ಕಣ್ಣು ಕುಕ್ಕುವುದೇಕೆ? ಎಷ್ಟೋ ಸಲ ತಪ್ಪು ದೀಪದಲ್ಲಿ ಇರುವುದಿಲ್ಲ, ಗಾಡಿಯ ಹೊಟ್ಟೆಯಡಿ ಇರುತ್ತದೆ.

ಈ ಸೀಮೆಯಲ್ಲಿ ಗಾಡಿ ಎತ್ತರಿಸುವವರಿಗೆ ಕಾರಣಗಳಿವೆ, ಅದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಮಲಪ್ರಭೆಯ ಆಸುಪಾಸಿನ ಎರಿ ಹೊಲಗಳ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡು ಮಳೆ ನಿಂತ ಮೇಲೆ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ನಡುವೆ ಉಳಿದ ದಿಬ್ಬ ಗಾಡಿಯ ಅಡಿಗೆ ತಗಲುತ್ತದೆ. ಹೀಗಾಗಿ ಸ್ಪ್ರಿಂಗಿನ ಮೇಲೆ ಸ್ಪೇಸರ್ ಕೂರಿಸುವುದು, ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿಸುವುದು, ಹಿಂದಿನ ಪಾಟಾಕ್ಕೆ ಒಂದು ಎಲೆ ಹೆಚ್ಚಿಸುವುದು ನಡೆಯುತ್ತದೆ. ಗಾಡಿ ಎರಡು ಇಂಚು, ಅಂದರೆ ಐದು ಸೆಂಟಿಮೀಟರ್ ಮೇಲೇಳುತ್ತದೆ. ಮಾಲೀಕ ಖುಷಿಯಿಂದ ಮನೆಗೆ ಹೋಗುತ್ತಾನೆ. ಲೈಟಿನ ನೆನಪು ಯಾರಿಗೂ ಬರುವುದಿಲ್ಲ.

ಡಿಪ್ ಬೆಳಕು ಮುಂದಕ್ಕೆ ಹೋಗುತ್ತ ಸ್ವಲ್ಪ ಸ್ವಲ್ಪವೇ ನೆಲಕ್ಕೆ ಇಳಿಯಬೇಕು. ಈ ಇಳಿಜಾರನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಶೇ. 1 ಎಂದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿತ. ಅನೇಕ ಗಾಡಿಗಳ ಹೆಡ್‌ಲೈಟ್ ಮೇಲೋ ಬಾನೆಟ್ ಒಳಗೋ ಈ ಅಂಕಿಯ ಚಿಕ್ಕ ಗುರುತು ಇರುತ್ತದೆ. ಈಗ ಮಹೀಂದ್ರ ಥಾರ್‌ನ ಮೂರು ಬಾಗಿಲಿನ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2,450 ಮಿಲಿಮೀಟರ್ ಅಂತರ. ಮುಂಭಾಗವನ್ನಷ್ಟೇ ಐದು ಸೆಂಟಿಮೀಟರ್ ಎತ್ತಿದರೆ ಇಡೀ ಗಾಡಿ ಶೇ. 2ರಷ್ಟು ಮೂತಿ ಮೇಲೆ ಮಾಡುತ್ತದೆ. ಶೇ. 1 ಇಳಿಯಬೇಕಿದ್ದ ಬೆಳಕು ಶೇ. 1 ಏರತೊಡಗುತ್ತದೆ. ದೀಪ ನೆಲದಿಂದ 95 ಸೆಂಟಿಮೀಟರ್ ಎತ್ತರದಲ್ಲಿದ್ದರೆ 55 ಮೀಟರ್ ದೂರದಲ್ಲಿ ಬೆಳಕಿನ ಅಂಚು ಒಂದೂವರೆ ಮೀಟರ್ ಮುಟ್ಟಿತು. ಬೈಕ್ ಸವಾರನ ಕಣ್ಣು ಇರುವುದು ಹೆಚ್ಚುಕಡಿಮೆ ಅಲ್ಲಿಯೇ.

ಮುಂದೆ ಹಿಂದೆ ಎರಡೂ ಸಮನಾಗಿ ಎತ್ತಿಸಿದರೆ ತೊಂದರೆ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಸಾದಾ ಹೆಡ್‌ಲೈಟಿನ ಗಾಡಿಗೆ ಆ ಮಾತು ಬಹುಮಟ್ಟಿಗೆ ನಿಜ. ಬೆಳಕಿನ ಓರೆ ಬದಲಾಗುವುದಿಲ್ಲ, ಎತ್ತರ ಮಾತ್ರ ಐದು ಸೆಂಟಿಮೀಟರ್ ಹೆಚ್ಚುತ್ತದೆ. ಆದರೆ ಲೈಟಿನ ಮಟ್ಟವನ್ನು ತಾನೇ ನೋಡಿಕೊಳ್ಳುವ ಗಾಡಿಗಳಲ್ಲಿ ಕತೆ ತಿರುವು ಪಡೆಯುವುದು ಇಲ್ಲಿಯೇ.

ಅಂಥ ಗಾಡಿಯ ಹಿಂದಿನ ಗಾಲಿಯ ಹತ್ತಿರ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಸೆನ್ಸರ್ ಇರುತ್ತದೆ. ಅದಕ್ಕೊಂದು ಪುಟ್ಟ ತೋಳು. ಆ ತೋಳನ್ನು ಸಣ್ಣ ಕಡ್ಡಿಯೊಂದು ಗಾಲಿ ಹಿಡಿದ ಆರ್ಮಿಗೆ ಅಥವಾ ಆಕ್ಸಲಿಗೆ ಜೋಡಿಸುತ್ತದೆ. ಹಿಂದೆ ಭಾರ ಬಿದ್ದು ಬಾಡಿ ತಗ್ಗಿದರೆ ತೋಳು ಒಂದು ಕಡೆ ತಿರುಗುತ್ತದೆ, ಖಾಲಿಯಾಗಿ ಎದ್ದರೆ ಇನ್ನೊಂದು ಕಡೆ. ಆ ಕೋನ ವೋಲ್ಟ್ ಆಗಿ ಗಾಡಿಯ ಕಂಪ್ಯೂಟರಿಗೆ ಮುಟ್ಟುತ್ತದೆ. ಐದು ವೋಲ್ಟಿನ ಸೆನ್ಸರ್ ಆದರೆ ನಡುಮಟ್ಟ ಸಾಮಾನ್ಯವಾಗಿ ಎರಡೂವರೆಯ ಆಸುಪಾಸು. ಕಂಪ್ಯೂಟರ್ ಆ ಲೆಕ್ಕ ನೋಡಿ ಹೆಡ್‌ಲೈಟಿನ ಒಳಗಿನ ಚಿಕ್ಕ ಮೋಟಾರನ್ನು ತಿರುಗಿಸಿ ಬೆಳಕನ್ನು ಇಳಿಸುತ್ತದೆ ಅಥವಾ ಏರಿಸುತ್ತದೆ.

ಈ ಸೆನ್ಸರ್ ರಸ್ತೆಯನ್ನು ಕಾಣದು, ಎದುರಿನವರನ್ನೂ ಕಾಣದು. ಬಾಡಿಗೂ ಗಾಲಿಗೂ ನಡುವಿನ ಅಂತರವೊಂದೇ ಅದಕ್ಕೆ ಗೊತ್ತು. ಗಾಡಿ ಎತ್ತರಿಸಿದಾಗ ಆ ಅಂತರ ಬೆಳೆಯುತ್ತದೆ. ಹಿಂಭಾಗ ವಿಪರೀತ ಮೇಲೆದ್ದಿದೆ, ಮೂತಿ ನೆಲ ನೋಡುತ್ತಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಬೆಳಕು ಕಾಲಬುಡಕ್ಕೆ ಬಿದ್ದೀತೆಂದು ಅದನ್ನು ಮೇಲಕ್ಕೆ ಎತ್ತುತ್ತದೆ. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಅದಕ್ಕೆ ಸಿಕ್ಕ ಸುದ್ದಿ ಸುಳ್ಳು.

“ಲೈಟ್ ಮ್ಯಾಲ ಹೊಡಿಯಾಕತ್ತೈತ್ರಿ” ಎಂದು ಗ್ಯಾರೇಜಿಗೆ ಹೋದರೆ ಮಿಸ್ತ್ರಿ ಮೊದಲು ಕೈಹಾಕುವುದು ಹೆಡ್‌ಲೈಟ್ ಹಿಂದಿನ ಸ್ಕ್ರೂಗೆ. ಎರಡು ಸುತ್ತು ತಿರುವಿದರೆ ಬೆಳಕು ಇಳಿಯುತ್ತದೆ, ಗೋಡೆಯ ಮೇಲೆ ಸರಿಯಾಗಿಯೂ ಕಾಣುತ್ತದೆ. ಆದರೆ ಸೆನ್ಸರಿನ ತೋಳು ತನ್ನ ಓಟದ ಒಂದು ಕೊನೆಗೆ ಹೋಗಿ ಕೂತಿರುತ್ತದೆ. ದೊಡ್ಡ ಗುಂಡಿಯಲ್ಲಿ ಗಾಲಿ ಇನ್ನಷ್ಟು ಕೆಳಗೆ ಜೋತರೆ ತೋಳು ಮಗುಚಿ ಕಡ್ಡಿ ಮುರಿಯಲೂಬಹುದು. ಬೆಳಕು ಇಳಿಸಲು ಕಂಪನಿಯೇ ಕೊಟ್ಟ 0, 1, 2, 3 ಎಂಬ ಅಂಕಿಗಳ ಕೈತಿರುಗಣಿ ಗಾಡಿಯಲ್ಲಿ ಇದ್ದವರು ಮಾಡಿಕೊಳ್ಳುವ ಉಪಾಯವೂ ಇಂಥದ್ದೇ: ಖಾಲಿ ಗಾಡಿಯಲ್ಲೇ 3ಕ್ಕೆ ಇಟ್ಟುಬಿಡುತ್ತಾರೆ. ಹಿಂದೆ ನಾಲ್ಕು ಚೀಲ ಗೊಬ್ಬರ ಹೇರಿದ ದಿನ ಇಳಿಸಲು ಏನೂ ಉಳಿದಿರುವುದಿಲ್ಲ.

ಸರಿಯಾದ ಕೆಲಸ ಸೆನ್ಸರಿನಿಂದ ಶುರುವಾಗಬೇಕು. ಎತ್ತರಿಸುವ ಮೊದಲೇ, ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ, ಸೆನ್ಸರ್ ತೋಳಿನ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಎತ್ತರಿಸಿದ ಮೇಲೆ ತೋಳು ಅದೇ ಕೋನಕ್ಕೆ ಮರಳಬೇಕು. ಅದಕ್ಕಾಗಿ ಉದ್ದ ಹೆಚ್ಚು ಕಡಿಮೆ ಮಾಡಬಲ್ಲ ಕಡ್ಡಿಯನ್ನು ಹಾಕುತ್ತಾರೆ, ಇಲ್ಲವೇ ಸೆನ್ಸರ್ ಕೂತ ಬ್ರಾಕೆಟನ್ನು ಸರಿಸುತ್ತಾರೆ. ಗಾಡಿ ಐದು ಸೆಂಟಿಮೀಟರ್ ಎದ್ದಿತೆಂದು ಕಡ್ಡಿಯನ್ನೂ ಐದು ಸೆಂಟಿಮೀಟರ್ ಉದ್ದ ಮಾಡಿದರೆ ಕೆಟ್ಟಿತು. ಕಡ್ಡಿ ಆರ್ಮಿನ ನಟ್ಟನಡುವೆ ಜೋಡಿಸಿದ್ದರೆ ಗಾಲಿಯ ಚಲನೆಯ ಅರ್ಧವಷ್ಟೇ ಅದಕ್ಕೆ ಮುಟ್ಟುತ್ತದೆ, ಹಾಗಾಗಿ ಎರಡೂವರೆ ಸಾಕು. ಕಣ್ಣಳತೆಗಿಂತ ಆ ಫೋಟೋವನ್ನೇ ನಂಬುವುದು ಒಳ್ಳೆಯದು. ತೋಳನ್ನು ಬಗ್ಗಿಸಬಾರದು. ಆಮೇಲೆ ಸ್ಕ್ಯಾನರ್ ಜೋಡಿಸಿ, ಇದೇ ಹೊಸ ಸೊನ್ನೆ ಎಂದು ಕಂಪ್ಯೂಟರಿಗೆ ತಿಳಿಸಬೇಕು. ಹೆಡ್‌ಲೈಟಿನ ಸ್ಕ್ರೂ ಮುಟ್ಟುವುದು ಇದೆಲ್ಲ ಮುಗಿದ ನಂತರ.

ಗೋಡೆಯ ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ಎಪಿಎಂಸಿ ಪ್ರಾಂಗಣದ ಕಾಂಕ್ರೀಟ್ ನೆಲ, ಎದುರಿಗೊಂದು ಗಿಲಾವ್ ಮಾಡಿದ ಗೋಡೆ ಸಿಕ್ಕರೆ ಸಾಕು. ನೆಲದ ಮಟ್ಟವನ್ನು ಗೌಂಡಿಗಳು ಬಳಸುವ ನೀರು ತುಂಬಿದ ಪೈಪಿನಿಂದ ನೋಡಬಹುದು. ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಚಾಲಕನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ದೀಪದಿಂದ ಗೋಡೆಗೆ ಸರಿಯಾಗಿ ಹತ್ತು ಮೀಟರ್ ಅಳೆದು ಗಾಡಿ ನಿಲ್ಲಿಸಬೇಕು. ದೀಪದ ನಡುಬಿಂದುವಿನ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ. ಗಾಡಿಯ ಗುರುತು ಶೇ. 1 ಎಂದಿದ್ದರೆ ಹತ್ತು ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಬೆಳಕಿನ ಅಂಚು ಕೆಳಗಿನ ಗೆರೆಯ ಮೇಲೆ ಕೂರಬೇಕು. ನಾವು ಎಡಕ್ಕೆ ಓಡಿಸುವವರಾದ್ದರಿಂದ ಅಂಚಿನ ಎಡಭಾಗ ಕೊಂಚ ಮೇಲಕ್ಕೆ ಓರೆಯಾಗಿರುತ್ತದೆ. ಅದು ದೋಷವಲ್ಲ, ರಸ್ತೆಬದಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿರುತ್ತಾರೆ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ದೀಪದಿಂದ ಎಂಟು ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕುಕ್ಕಬಾರದು. ಆದರೆ ಮೇಲೆ ಲೆಕ್ಕ ಹಾಕಿದ ಮೂತಿ ಎತ್ತಿದ ಗಾಡಿಯ ಬೆಳಕಿನ ಅಂಚು ಎಂಟು ಮೀಟರಿನಲ್ಲಿ 1.03 ಮೀಟರ್ ಮಾತ್ರ ಮುಟ್ಟುತ್ತದೆ. ಅಷ್ಟು ಹತ್ತಿರದಿಂದ ನೋಡಿದರೆ ಅದು ಪಾಸು. ಕಿತ್ತೂರಿನ ಪಕ್ಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಗೆ ನಡುವೆ ಡಿವೈಡರ್ ಇದೆ. ಆದರೆ ಅದಿಲ್ಲದ ಒಳರಸ್ತೆಗಳಲ್ಲಿ ನಿಜವಾದ ಪರೀಕ್ಷೆ ನಡೆಯುವುದು 50 ಮೀಟರಿನಾಚೆ. ಹತ್ತು ಮೀಟರಿನ ಗೋಡೆಗೆ ಇಷ್ಟು ಒತ್ತು ಕೊಟ್ಟದ್ದು ಅದಕ್ಕೇ. ಇನ್ನು ಗಾಡಿ ಎತ್ತರಿಸುವ ವಿಚಾರ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಾವಣೆ ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ಹೇಳಿದೆ. ಕೆಎ-24 ನಂಬರಿನ ಗಾಡಿಯವರು ಸ್ಪೇಸರ್ ಕೊಳ್ಳುವ ಮೊದಲೇ ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ರಾತ್ರಿಗಳಲ್ಲಿ ಇದೇ ರಸ್ತೆಗಳ ಮೇಲೆ ನಡೆದು ಬರುವವರಿರುತ್ತಾರೆ, ಚಕ್ಕಡಿಗಳಿರುತ್ತವೆ. ಎಸ್‌ಯುವಿಯ ಹಿಂದಿನ ಸೀಟೂ ಡಿಕ್ಕಿಯೂ ಜನದಿಂದ, ಬುತ್ತಿ ಗಂಟುಗಳಿಂದ ತುಂಬಿ ಹಿಂಭಾಗ ಕುಸಿದಿರುತ್ತದೆ. ಹೊರಡುವ ಹಿಂದಿನ ಸಂಜೆ ಅದೇ ಗೋಡೆಯೆದುರು ಗಾಡಿ ನಿಲ್ಲಿಸಿ, ಲೈಟ್ ಹಾಕಿ, ಹಿಂದೆ ನಾಲ್ಕು ಮಂದಿಯನ್ನು ಕೂರಿಸಿ ನೋಡಬೇಕು. ಬೆಳಕಿನ ಅಂಚು ಒಮ್ಮೆ ಮೇಲೇರಿ, ಕೆಲವು ಸೆಕೆಂಡುಗಳಲ್ಲಿ ತಾನಾಗಿ ಗೆರೆಗೆ ಮರಳಿದರೆ ಸೆನ್ಸರ್ ಸರಿಯಾಗಿ ಕೂತಿದೆ. ಮೇಲೆಯೇ ನಿಂತರೆ ಕಡ್ಡಿಯ ನಟ್ಟನ್ನು ಇನ್ನೊಮ್ಮೆ ಸಡಿಲಿಸಿ, ಫೋಟೋ ತೆಗೆದು ಹೋಲಿಸಿ, ಮೊದಲಿನಿಂದ ಶುರುಮಾಡಬೇಕು.