ಕಿರುದ್ವೀಪಗಳ ಕಸಿ: ಇನ್ಸುಲಿನ್ ಸೂಜಿ ತಪ್ಪೀತೇ?



ಸಕ್ಕರೆ ಕಾಯಿಲೆ ಎಂದೊಡನೆ ನಮಗೆ ನೆನಪಾಗುವುದು ಮನೆಯ ಹಿರಿಯರು. ಆದರೆ ಶಾಲೆಗೆ ಹೋಗುವ ಮಕ್ಕಳಿಗೂ ಬರುವ ಒಂದು ಬಗೆಯಿದೆ, ಟೈಪ್ ಒನ್. ಇದು ಹೆಚ್ಚು ಸಿಹಿ ತಿಂದು ಬಂದದ್ದಲ್ಲ, ತಂದೆತಾಯಿಯ ತಪ್ಪೂ ಅಲ್ಲ.

ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಜೀವಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ವಿವರಿಸಿದರು. ಆಗ ಅವರಿನ್ನೂ ವಿದ್ಯಾರ್ಥಿ! ಮುಂದೆ ಇವಕ್ಕೆ ಕಿರುದ್ವೀಪಗಳೆಂಬ ಹೆಸರು ಬಂತು. ಉರ್ದುವಿನಲ್ಲಿ ಹೇಳುವುದಾದರೆ ಜಝೀರೆ. ಇನ್ಸುಲಿನ್ ತಯಾರಾಗುವುದು ಇಲ್ಲಿಯೇ. ಟೈಪ್ ಒನ್‌ನಲ್ಲಿ ದೇಹದ ರಕ್ಷಣಾ ಪಡೆಯೇ ಇನ್ಸುಲಿನ್ ಕೊಡುವ ಈ ಕೋಶಗಳನ್ನು ನಾಶ ಮಾಡಿಬಿಡುತ್ತದೆ.

ಹಾಗಾದರೆ ಬೇರೆಯವರ ಕೋಶಗಳನ್ನು ಹಾಕಬಾರದೇ ಎಂದು ನೀವು ಕೇಳಬಹುದು. ಹಾಕಿದ್ದಾರೆ. ಕೆನಡಾದ ಎಡ್ಮಂಟನ್ ನಗರದ ಡಾ. ಜೇಮ್ಸ್ ಶಪಿರೋ ಮತ್ತು ಸಂಗಡಿಗರು 2000ದಲ್ಲಿ ಏಳು ರೋಗಿಗಳ ವರದಿ ಪ್ರಕಟಿಸಿದರು. ಏಳೂ ಮಂದಿ ಇನ್ಸುಲಿನ್ ಬಿಟ್ಟಿದ್ದರು. ಮೃತ ದಾನಿಯ ಗ್ರಂಥಿಯಿಂದ ಕಿರುದ್ವೀಪಗಳನ್ನು ಬೇರ್ಪಡಿಸಿ, ಯಕೃತ್ತಿಗೆ ಹೋಗುವ ರಕ್ತನಾಳದೊಳಗೆ ಸಣ್ಣ ನಳಿಕೆಯಿಂದ ಬಿಡುತ್ತಾರೆ. ಅವು ಯಕೃತ್ತಿನಲ್ಲೇ ನೆಲೆನಿಂತು ಇನ್ಸುಲಿನ್ ಕೊಡತೊಡಗುತ್ತವೆ.

ಸಂತೋಷದ ಸುದ್ದಿಯೇ. ಆದರೆ ಇನ್ನೊಂದು ಮುಖವೂ ಇದೆ. 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 36 ಮಂದಿಯ ಪೈಕಿ ಒಂದು ವರ್ಷದ ನಂತರ ಇನ್ಸುಲಿನ್ ಇಲ್ಲದೆ ಇದ್ದವರು 16 ಮಂದಿ. ಆ 16ರಲ್ಲಿ ಎರಡನೇ ವರ್ಷಕ್ಕೆ ಉಳಿದವರು ಐವರು. ರಕ್ತದ ಸಕ್ಕರೆ ಹಠಾತ್ತನೆ ಕುಸಿದು ಪ್ರಜ್ಞೆ ತಪ್ಪುವುದು ಮಾತ್ರ ಹಲವರಲ್ಲಿ ನಿಂತಿತು, ಅದೂ ಸಣ್ಣ ಲಾಭವಲ್ಲ. ಇದಕ್ಕೆ ತೆರಬೇಕಾದ ಬೆಲೆ ಎಂದರೆ, ಕಸಿ ಕೆಲಸ ಮಾಡುವಷ್ಟು ಕಾಲವೂ ರಕ್ಷಣಾ ಪಡೆಯನ್ನು ತಗ್ಗಿಸುವ ಔಷಧ ಸೇವಿಸಬೇಕು. ಅದರಿಂದ ಸೋಂಕು ತಗಲುವ, ಮೂತ್ರಪಿಂಡ ಕೆಡುವ ಭಯವಿದೆ. ಹೀಗಾಗಿಯೇ ಅಮೆರಿಕ 2023ರಲ್ಲಿ ಅನುಮತಿ ಕೊಟ್ಟದ್ದು, ಚಿಕಿತ್ಸೆಯಲ್ಲಿದ್ದರೂ ಮೇಲಿಂದ ಮೇಲೆ ಸಕ್ಕರೆ ತೀರಾ ಕುಸಿಯುವ ವಯಸ್ಕರಿಗೆ ಮಾತ್ರ, ಮಕ್ಕಳಿಗಲ್ಲ.

ಆದ್ದರಿಂದ ಯಾರಾದರೂ 'ಕೋಶ ಹಾಕಿ ಗುಣಪಡಿಸುತ್ತೇವೆ, ಇನ್ಸುಲಿನ್ ನಿಲ್ಲಿಸಿ' ಎಂದರೆ ನಂಬಬೇಡಿ. ಟೈಪ್ ಒನ್ ಇರುವ ಮಗುವಿಗೆ ಇನ್ಸುಲಿನ್ ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೇ ಅಪಾಯ.

ಸಂಶೋಧನೆಯಂತೂ ನಿಂತಿಲ್ಲ. ದಾನಿಗಳ ಕೊರತೆ ನೀಗಲು ಆಕರಕೋಶಗಳಿಂದ ಕಿರುದ್ವೀಪ ಬೆಳೆಸಿದ್ದಾರೆ. 2025ರ ವರದಿಯಂತೆ ಇದನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿಗೆ ವರ್ಷದ ಬಳಿಕ ಇನ್ಸುಲಿನ್ ಬೇಕಾಗಲಿಲ್ಲ, ಆದರೆ ಆ ಔಷಧ ಬೇಕಾಯಿತು. ಅದೇ ವರ್ಷ ಸ್ವೀಡನ್ನಿನ ಉಪ್ಸಾಲಾ ತಂಡ ಮತ್ತೊಂದು ವರದಿ ಕೊಟ್ಟಿತು. ದಾನಿಯ ಕೋಶಗಳ ವಂಶವಾಹಿಗಳನ್ನು ಮಾರ್ಪಡಿಸಿ ಒಬ್ಬ ರೋಗಿಯ ಮುಂಗೈ ಸ್ನಾಯುವಿನಲ್ಲಿ ಇಟ್ಟಿದ್ದರು. ಔಷಧವಿಲ್ಲದೆಯೇ ಅವು 12 ವಾರಗಳ ನಂತರವೂ ಬದುಕಿ ಇನ್ಸುಲಿನ್ ಕೊಡುತ್ತಿದ್ದವು. ಇಟ್ಟದ್ದು ಅಲ್ಪ ಪ್ರಮಾಣವಾದ್ದರಿಂದ ಆ ರೋಗಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಇದ್ದರು.