ಎಂಟನೇ ನಂಬರಿನ ಚೀಟಿ



ಇವತ್ತು ರಾಜಕೀಯ ಬೇಡ. ಇವತ್ತು ಕರಡಿ ಕಥೆ. ನಗಬೇಡಿ, ನಿಜವಾಗಲೂ ಕರಡಿಯದೇ ಕಥೆ.

2024ರ ಅಕ್ಟೋಬರ್ 22. ಅಮೆರಿಕದ ವಯೋಮಿಂಗ್ ರಾಜ್ಯ. ರಾತ್ರಿ ಹೆದ್ದಾರಿಯಲ್ಲಿ ಒಂದು ಹೆಣ್ಣು ಕರಡಿ ವಾಹನಕ್ಕೆ ಸಿಕ್ಕಿ ಸತ್ತುಹೋಯಿತು. ಗ್ರಿಜ್ಲಿ ಜಾತಿಯದು. ವಯಸ್ಸು 28. ಅದಕ್ಕೆ ಹೆಸರಿರಲಿಲ್ಲ, ಸಂಶೋಧಕರು ಕೊಟ್ಟ ಒಂದು ನಂಬರ್ ಇತ್ತು: 399. ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದ ರಸ್ತೆ ಬದಿಯಲ್ಲಿ ಮರಿಗಳನ್ನು ಕಟ್ಟಿಕೊಂಡು ಓಡಾಡುತ್ತಿದ್ದ ಈ ತಾಯಿಯನ್ನು ನೋಡಲು ದೂರ ದೂರದ ದೇಶಗಳಿಂದ ಜನ ಬರುತ್ತಿದ್ದರು. 24ನೇ ವಯಸ್ಸಿನಲ್ಲಿ ಒಂದೇ ಸಲ ನಾಲ್ಕು ಮರಿಗಳೊಂದಿಗೆ ಗುಹೆಯಿಂದ ಹೊರಬಂದ ಕರಡಿ ಅದು.

ಇದು ಸತ್ತ ಸುದ್ದಿ ಬಂದಾಗ ನನಗೆ ನೆನಪಾಗಿದ್ದು 2018. ಆ ವರ್ಷ ಇದೇ ಕರಡಿಗಳನ್ನು ಬೇಟೆಯಾಡೋದಕ್ಕೆ ವಯೋಮಿಂಗ್ ಸರ್ಕಾರ ಲಾಟರಿ ಎತ್ತಿತ್ತು. ಆ ಲಾಟರಿ ಯಾರಿಗೆ ಹೊಡೀತು ಗೊತ್ತಾ? ಇದೇ 399ರ ಫೋಟೋಗಳನ್ನು ತೆಗೆದು ಜಗತ್ತಿಗೇ ತೋರಿಸಿದ ಮನುಷ್ಯನಿಗೆ.

ಆ ಕಥೆಗೆ ಬರ್ತೀನಿ. ಅದಕ್ಕೂ ಮೊದಲು, ಬೇಟೆಗೆ ಲಾಟರಿ ಅಂದರೇನು ಅಂತ ನೋಡೋಣ.

ಅಮೆರಿಕದಲ್ಲಿ ಕಾಡುಪ್ರಾಣಿ ಜಮೀನಿನ ಮಾಲೀಕನ ಆಸ್ತಿ ಅಲ್ಲ. ಅದು ಜನರ ಆಸ್ತಿ, ರಾಜ್ಯ ಸರ್ಕಾರ ಅದರ ಟ್ರಸ್ಟಿ ಮಾತ್ರ. ಯುರೋಪಿನಲ್ಲಿ ಬೇಟೆ ರಾಜರ, ಜಮೀನ್ದಾರರ ಹಕ್ಕಾಗಿತ್ತು. ನಮ್ಮಲ್ಲೂ ಅಷ್ಟೇ ಅಲ್ವಾ? ಇವತ್ತಿನ ಬಂಡೀಪುರ ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡು. ಅರಸರು, ಅರಸರ ಅತಿಥಿಗಳು, ಅಷ್ಟೇ. ಅಮೆರಿಕದವರು ಅದು ಬೇಡ ಅಂದರು. ಎಲ್ಲರಿಗೂ ಹಕ್ಕು ಅಂದರು. ಎಲ್ಲರೂ ಬಂದೂಕು ಹಿಡಿದು ಹೊರಟಾಗ ಏನಾಯ್ತು? ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, 19ನೇ ಶತಮಾನ ಮುಗಿಯುವಷ್ಟರಲ್ಲಿ ಕೆಲವು ನೂರಕ್ಕೆ ಬಂದು ನಿಂತವು. ಆಮೇಲೆ ಬುದ್ಧಿ ಬಂತು. ಕಾನೂನು ಬಂತು, ಎಣಿಕೆ ಬಂತು, ಮಿತಿ ಬಂತು.

ಈಗ ಅಲ್ಲಿ ಹೇಗೆ ನಡೆಯುತ್ತೆ ಅಂದರೆ, ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ಪ್ರಾಣಿಗಳ ಲೆಕ್ಕ ಹಾಕುತ್ತೆ. ಈ ಪ್ರದೇಶದಲ್ಲಿ ಈ ವರ್ಷ ಇಷ್ಟು ಎಲ್ಕ್ ಜಿಂಕೆ, ಇಷ್ಟು ಕಾಡುಕುರಿ ಹೊಡೆಯಬಹುದು ಅಂತ ತೀರ್ಮಾನಿಸುತ್ತೆ. ಅಷ್ಟೇ ಟ್ಯಾಗ್ ಕೊಡುತ್ತೆ. ಒಂದು ಟ್ಯಾಗ್ ಅಂದರೆ ಒಂದು ಪ್ರಾಣಿ. ಹೊಡೆದ ಪ್ರಾಣಿಗೆ ಅದು ಸೇರಬೇಕು. ಟ್ಯಾಗ್ ನೂರು, ಅರ್ಜಿ ಸಾವಿರಾರು. ಆಗ ಲಾಟರಿ.

ಕೇಳೋಕೆ ಸರಳ. ಆದರೆ ಒಳಗೆ ಹೋದರೆ ಇದೊಂದು ಪುರಾಣ. ನ್ಯೂ ಮೆಕ್ಸಿಕೋದಲ್ಲಿ ಪ್ರತಿ ವರ್ಷ ಹೊಸ ಚೀಟಿ. ನೀವು ಇಪ್ಪತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದರೂ ಅಷ್ಟೇ, ಇದೇ ಮೊದಲ ಸಲ ಹಾಕಿದರೂ ಅಷ್ಟೇ. ನೆವಾಡದಲ್ಲಿ ಹಾಗಲ್ಲ. ಅಲ್ಲಿ ಸೋತ ಪ್ರತಿ ವರ್ಷಕ್ಕೂ ಒಂದು ಅಂಕ. ಆ ಅಂಕವನ್ನು ಅದರಿಂದಲೇ ಗುಣಿಸಿ, ಮೇಲೊಂದು ಸೇರಿಸಿ, ಅಷ್ಟು ಸಲ ನಿಮ್ಮ ಹೆಸರು ಡಬ್ಬಿಗೆ ಬೀಳುತ್ತೆ. ಹತ್ತು ವರ್ಷ ಸೋತವನ ಹೆಸರು 101 ಸಲ! ಕೊಲೊರಾಡೋದಲ್ಲಿ ಎಲ್ಕ್ ಬೇಟೆಗೆ ಅಂಕ ಹೆಚ್ಚಿದ್ದವರಿಗೆ ಮೊದಲ ಮಣೆ. ಅಲ್ಲಿನ ಕೆಲವು ಹೆಸರಾಂತ ಕಾಡುಗಳ ಟ್ಯಾಗ್ ಸಿಗೋದಕ್ಕೆ 20 ವರ್ಷಕ್ಕೂ ಹೆಚ್ಚು ಕಾಯಬೇಕು. ಅರಿಜೋನಾದಲ್ಲಿ ಮರುಭೂಮಿಯ ಕಾಡುಕುರಿ ಹೊಡೆಯೋ ಭಾಗ್ಯ ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಒಂದು.

ಹಾಗಂತ ದುಡ್ಡಿಗೆ ದಾರಿ ಇಲ್ವಾ? ಇದೆ. ಹಲವು ರಾಜ್ಯಗಳು ಬೆರಳೆಣಿಕೆಯ ಟ್ಯಾಗ್‌ಗಳನ್ನು ಹರಾಜಿಗಿಡುತ್ತವೆ. 2013ರಲ್ಲಿ ಮೊಂಟಾನಾದ ಒಂದೇ ಒಂದು ಕಾಡುಕುರಿ ಟ್ಯಾಗ್ 4,80,000 ಡಾಲರ್‌ಗೆ ಹೋಯಿತು. ಆ ದುಡ್ಡು ಕಾಡುಕುರಿಗಳ ರಕ್ಷಣೆಗೇ ಹೋಗುತ್ತೆ ಅನ್ನೋದು ನಿಜ. ಆದರೆ ಸಾಮಾನ್ಯ ಬೇಟೆಗಾರ ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವಾಗ, ಸಾಹುಕಾರ ಪಕ್ಕದ ಬಾಗಿಲಿನಿಂದ ಒಳಗೆ ಬಂದ ಅನ್ನೋದೂ ನಿಜ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಬೇಟೆಗಾರ ಅಂದ ತಕ್ಷಣ ಖಳನಾಯಕ ಅಂದುಕೊಳ್ಳಬೇಡಿ. 1937ರ ಒಂದು ಕಾನೂನಿನ ಪ್ರಕಾರ ಅಮೆರಿಕದಲ್ಲಿ ಬಂದೂಕು, ಮದ್ದುಗುಂಡಿನ ಮೇಲೆ ಶೇಕಡಾ 10-11ರಷ್ಟು ತೆರಿಗೆ ಇದೆ. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗೆ ಹೋಗುತ್ತೆ. ಪ್ರಾಣಿಗಳ ಎಣಿಕೆ, ಕಾಡಿನ ಜಮೀನು ಖರೀದಿ, ಇಂಥ ಕೆಲಸಕ್ಕೆಲ್ಲ ದೊಡ್ಡ ಪಾಲು ಕೊಟ್ಟವನು ಬೇಟೆಗಾರ. ಕಾಡು ಉಳಿಸಿದ್ದು ನಾವು ಅಂತ ಅವನು ಹೇಳಿದರೆ ಅದರಲ್ಲಿ ಸುಳ್ಳಿಲ್ಲ.

ಈಗ 2018ಕ್ಕೆ ಬನ್ನಿ.

1975ರಲ್ಲಿ ಗ್ರಿಜ್ಲಿ ಕರಡಿಯನ್ನು ಅಪಾಯದಲ್ಲಿರುವ ಪ್ರಾಣಿ ಅಂತ ಕೇಂದ್ರ ಸರ್ಕಾರ ರಕ್ಷಣೆಯ ಪಟ್ಟಿಗೆ ಸೇರಿಸಿತ್ತು. ಆಗ ಯೆಲ್ಲೊಸ್ಟೋನ್ ಸುತ್ತಮುತ್ತ ಉಳಿದಿದ್ದದ್ದು ಇನ್ನೂರಕ್ಕಿಂತ ಕಡಿಮೆ. ನಿಧಾನವಾಗಿ ಸಂಖ್ಯೆ 700ರ ಆಸುಪಾಸಿಗೆ ಬಂತು. 2017ರಲ್ಲಿ ಯೆಲ್ಲೊಸ್ಟೋನ್ ಕರಡಿಗಳನ್ನು ಪಟ್ಟಿಯಿಂದ ತೆಗೆದರು. ಮರುವರ್ಷವೇ ವಯೋಮಿಂಗ್ ಹೇಳಿತು: ಗರಿಷ್ಠ 22 ಕರಡಿ ಹೊಡೆಯಬಹುದು. 40 ವರ್ಷಕ್ಕೂ ಹೆಚ್ಚು ಕಾಲದ ನಂತರ ಅಲ್ಲಿ ಮೊದಲ ಗ್ರಿಜ್ಲಿ ಬೇಟೆ. ಅರ್ಜಿ ಶುಲ್ಕ ಸ್ಥಳೀಯರಿಗೆ 5 ಡಾಲರ್, ಹೊರಗಿನವರಿಗೆ 15. ಚೀಟಿ ಬಂದರೆ ಲೈಸೆನ್ಸ್‌ಗೆ ಸ್ಥಳೀಯರು 600 ಡಾಲರ್ ಕಟ್ಟಬೇಕು, ಹೊರಗಿನವರು 6,000.

ಜ್ಯಾಕ್ಸನ್ ಪಟ್ಟಣದ ಕೆಲವು ಮಹಿಳೆಯರು ಒಂದು ಉಪಾಯ ಮಾಡಿದರು. ಬೇಟೆಯನ್ನು ವಿರೋಧಿಸುವವರೇ ಅರ್ಜಿ ಹಾಕೋಣ, ಚೀಟಿ ಬಂದರೆ ಬಂದೂಕಿನ ಬದಲು ಕ್ಯಾಮೆರಾ ಹಿಡಿದು ಹೋಗೋಣ ಅಂದರು. ಮುಖ್ಯ ಪ್ರದೇಶದಲ್ಲಿ ಒಬ್ಬರಾದ ಮೇಲೆ ಒಬ್ಬರು ಬೇಟೆಗೆ ಹೋಗಬೇಕಿತ್ತು, ಒಬ್ಬೊಬ್ಬರಿಗೆ 10 ದಿನ. ಕ್ಯಾಮೆರಾದವರ ಕೈಗೆ ಸಿಕ್ಕ ಪ್ರತಿ 10 ದಿನವೂ ಕರಡಿಗಳಿಗೆ ಉಳಿತಾಯ! ಚಿಂಪಾಂಜಿಗಳ ಜೊತೆ ಬದುಕು ಕಳೆದ ಜೇನ್ ಗುಡಾಲ್ ಕೂಡ ಅರ್ಜಿ ಹಾಕಿದರು. ಒಟ್ಟು ಅರ್ಜಿ ಸುಮಾರು 7,000.

ಕಂಪ್ಯೂಟರ್ ಚೀಟಿ ಎತ್ತಿತು. ಎಂಟನೇ ನಂಬರ್ ಬಂದದ್ದು ಥಾಮಸ್ ಮ್ಯಾಂಗಲ್ಸನ್ ಅವರಿಗೆ. ವನ್ಯಜೀವಿ ಛಾಯಾಗ್ರಾಹಕ. ಆಗ 72 ವರ್ಷ. ವರ್ಷಗಟ್ಟಲೆ 399ರ ಹಿಂದೆ ಕ್ಯಾಮೆರಾ ಹಿಡಿದು ತಿರುಗಿದವರು. ಹುಡುಗನಾಗಿದ್ದಾಗ ತಂದೆಯ ಜೊತೆ ಬಾತುಕೋಳಿ ಬೇಟೆಗೆ ಹೋಗುತ್ತಿದ್ದವರು ಕೂಡ.

ಬೇಟೆಗಾರರಿಗೆ ಸಿಟ್ಟು ಬಂತು. ಇದು ಮೋಸ, ಹೊಡೆಯೋ ಮನಸ್ಸಿಲ್ಲದವನು ಹೊಡೆಯುವವನ ಅವಕಾಶ ಕಿತ್ತುಕೊಂಡ ಅಂದರು. ಅವರ ನೋವು ನನಗೆ ಅರ್ಥವಾಗುತ್ತೆ. ಆದರೆ ನೀವೇ ಹೇಳಿ, ಕರಡಿ ಎಲ್ಲರ ಆಸ್ತಿ ಅಂದಮೇಲೆ, ಅದು ಬದುಕಲಿ ಅನ್ನುವವನೂ ಆ ಎಲ್ಲರಲ್ಲಿ ಒಬ್ಬ ತಾನೇ? ಚೀಟಿ ನಿಮ್ಮ ಜಾತಿ ಕೇಳಲ್ಲ, ದುಡ್ಡು ಕೇಳಲ್ಲ, ಶಿಫಾರಸು ಪತ್ರ ಕೇಳಲ್ಲ. ಹಾಗಾದರೆ ನಿಮ್ಮ ಉದ್ದೇಶವನ್ನೂ ಕೇಳಬಾರದು. ಕೇಳದೇ ಇರೋದೇ ಅದರ ನ್ಯಾಯ.

ಆದರೆ ವೀಕ್ಷಕರೇ, ಅಲ್ಲೇ ಅದರ ಮಿತಿಯೂ ಇದೆ. ನಮ್ಮೂರಲ್ಲೂ ಚೀಟಿ ಎತ್ತುತ್ತಾರೆ. ಆರ್‌ಟಿಇ ಅಡಿಯಲ್ಲಿ ಶಾಲೆ ಸೀಟಿಗೆ ಲಾಟರಿ ಎತ್ತಿದ್ದನ್ನು ನೋಡಿದ್ದೀರಿ. ಯಾವ ಮಗುವಿಗೆ ಸೀಟು ಅಂತ ಲಾಟರಿ ಹೇಳುತ್ತೆ. ಸೀಟು ಯಾಕೆ ಇಷ್ಟು ಕಡಿಮೆ ಅಂತ ಹೇಳುತ್ತಾ? ಇಲ್ಲ. ‘ಯಾರಿಗೆ’ ಅನ್ನೋ ಪ್ರಶ್ನೆಗೆ ಚೀಟಿಗಿಂತ ಒಳ್ಳೆ ಉತ್ತರ ಇಲ್ಲದಿರಬಹುದು. ‘ಬೇಕಾ, ಬೇಡವಾ, ಎಷ್ಟು’ ಅನ್ನೋ ಪ್ರಶ್ನೆಗೆ ಮಾತ್ರ ಚೀಟಿಯಲ್ಲಿ ಉತ್ತರ ಇರಲ್ಲ. ಅದನ್ನ ಮನುಷ್ಯರೇ ಹೇಳಬೇಕು. ಎದ್ದು ನಿಂತು, ಕಾರಣ ಕೊಟ್ಟು, ಜವಾಬ್ದಾರಿ ಹೊತ್ತು ಹೇಳಬೇಕು.

ವಯೋಮಿಂಗ್‌ನಲ್ಲೂ ಕೊನೆಗೆ ಅದೇ ಆಯಿತು. ಬೇಟೆ ಶುರುವಾಗುವ ಹೊತ್ತಿಗೆ ಕೋರ್ಟ್ ತಡೆ ಕೊಟ್ಟಿತು. 2018ರ ಸೆಪ್ಟೆಂಬರ್ 24ರಂದು ಫೆಡರಲ್ ನ್ಯಾಯಾಧೀಶ ಡಾನಾ ಕ್ರಿಸ್ಟೆನ್ಸನ್ ಕರಡಿಗಳಿಗೆ ಮತ್ತೆ ರಕ್ಷಣೆ ಕೊಟ್ಟರು. ಬೇಟೆ ಸರಿಯೋ ತಪ್ಪೋ ಅನ್ನೋದು ನನ್ನ ಮುಂದಿರುವ ಪ್ರಶ್ನೆ ಅಲ್ಲ ಅಂತ ಅವರು ಸ್ಪಷ್ಟವಾಗಿ ಬರೆದರು. ಪಟ್ಟಿಯಿಂದ ತೆಗೆಯುವಾಗ ಸರ್ಕಾರ ಕಾನೂನಿನ ಪ್ರಕಾರ ಯೋಚಿಸಿತೇ ಅನ್ನೋದಷ್ಟೇ ಅವರು ನೋಡಿದ್ದು. ಮ್ಯಾಂಗಲ್ಸನ್ ಅವರ ಸರದಿ ಬರಲೇ ಇಲ್ಲ. 399 ಇನ್ನೂ ಆರು ವರ್ಷ ಬದುಕಿತು. ಆ ನಾಲ್ಕು ಮರಿಗಳೊಂದಿಗೆ ಹೊರಬಂದದ್ದು ಈ ಆರು ವರ್ಷದ ಒಳಗೇ.

ಆಮೇಲೆ ರಸ್ತೆಯಲ್ಲಿ ಸತ್ತಿತು. ಕರಡಿ ಬೇಟೆಗೆ ಟ್ಯಾಗ್ ಇತ್ತು, ಎಣಿಕೆ ಇತ್ತು, 22ರ ಮಿತಿ ಇತ್ತು. ರಾತ್ರಿ ರಸ್ತೆಯಲ್ಲಿ ಓಡುವ ವಾಹನಗಳಿಗೆ ಯಾವ ಟ್ಯಾಗ್? ಯಾವ ಮಿತಿ?

ಈ ಪ್ರಶ್ನೆಯನ್ನ ನಾವು ಕನ್ನಡಿಗರು ಒಮ್ಮೆ ಎದುರಿಸಿದ್ದೇವೆ. ಅರಸರ ಅದೇ ಬೇಟೆ ಕಾಡು ಬಂಡೀಪುರದಲ್ಲಿ, 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ತುರ್ತು ವಾಹನ, ಕೆಲವೇ ಬಸ್ಸು ಬಿಟ್ಟರೆ ಬೇರೆ ಯಾವುದೂ ಹೋಗುವಂತಿಲ್ಲ. ಅದನ್ನು ತೆಗೆಯಿರಿ ಅಂತ ಒತ್ತಡ ಬರುತ್ತಲೇ ಇದೆ. ಅಲ್ಲಿ ಯಾರೂ ಚೀಟಿ ಎತ್ತಲಿಲ್ಲ. ಬೇಡ ಅಂದೆವು, ಅಷ್ಟೇ.

ಚೀಟಿ ಎತ್ತೋದು ಸುಲಭ ಸ್ವಾಮಿ. ಬೇಡ ಅನ್ನೋದು ಕಷ್ಟ.