ಊರ ಆರೋಗ್ಯ, ಊರವರ ಮಾತು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಹೆಸರುಗಳನ್ನು ಕೇಳಿದೊಡನೆ ತಮಗೆ ಕಲ್ಲು ನೆನಪಾಗಬಹುದು. ತಮ್ಮ ಪಡಸಾಲೆಗೆ ಹಾಸಿರುವ ಚಪ್ಪಡಿ ಶಹಾಬಾದದ ಕಡೆಯದಿದ್ದೀತು. ಗೋಡೆಗೆ ಬಳಿದ ಸಿಮೆಂಟು ವಾಡಿಯದೋ ಸೇಡಮಿನದೋ ಇದ್ದೀತು. ಆದರೆ ನಾನು ಇಂದು ಹೇಳಹೊರಟಿರುವುದು ಕಲ್ಲಿನ ವಿಷಯವಲ್ಲ, ನೀರಿನ ವಿಷಯ. ಒಂದು ಬಾವಿಯ ನೀರನ್ನು ಕುರಿತು ಊರವರು ಕುಳಿತು ಮಾತನಾಡಿದ್ದರಿಂದ ಆದ ಉಪಕಾರದ ವಿಷಯ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಒಮ್ಮೆ ತರಗತಿಯಲ್ಲಿ, "ನಾರುಹುಣ್ಣು ಎಂದರೇನು, ಬಲ್ಲಿರಾ?" ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಮೇಷ್ಟರ ಪ್ರಶ್ನೆಗೆ ಯಾರೂ ಉತ್ತರ ಹೇಳದಿದ್ದಾಗ ಮೇಷ್ಟರಿಗೆ ಸಂತೋಷವಾಗುವುದು ಅಪರೂಪ. ಅಂದು ನನಗೆ ನಿಜವಾಗಿಯೂ ಸಂತೋಷವಾಯಿತು. ಏಕೆಂದರೆ ನನ್ನ ಬಾಲ್ಯದಲ್ಲಿ ಈ ಪ್ರಾಂತದಲ್ಲಿ ಆ ಹೆಸರನ್ನು ಅರಿಯದ ಮಗುವೇ ಇರಲಿಲ್ಲ.

ನಾರುಹುಳು ಗಂಧಕಡ್ಡಿಯಂಥದಲ್ಲ, ದಾರದಂಥದು. ಮೊಳ ಮೀರಿ ಬೆಳೆಯುವುದು, ಕೆಲವೊಮ್ಮೆ ಒಂದು ಮೀಟರಿನವರೆಗೂ. ಅದು ಮನುಷ್ಯನೊಳಗೆ ಬರುವುದು ಕುಡಿಯುವ ನೀರಿನಿಂದ. ನಿಂತ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂತಿರುವ ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜೀವಿಯುಂಟು. ಅದರ ಹೊಟ್ಟೆಯಲ್ಲಿ ನಾರಿನ ಮರಿಗಳಿರುತ್ತವೆ. ಆ ನೀರನ್ನು ಸೋಸದೆ ಕುಡಿದವನಿಗೆ ಅಂದು ಏನೂ ಆಗದು. ಸುಮಾರು ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲಿ ಗುಳ್ಳೆಯೆದ್ದು, ಒಡೆದು, ಅದರೊಳಗಿಂದ ಹುಳು ತಲೆಯೆತ್ತುತ್ತದೆ. ಕಾಲು ಬೆಂಕಿಯಾಗುತ್ತದೆ. ಉರಿ ತಾಳದೆ ಆತ ಕಾಲನ್ನು ತಣ್ಣೀರಿನಲ್ಲಿ ಇಳಿಬಿಟ್ಟೊಡನೆ ಹುಳು ತನ್ನ ಸಾವಿರಾರು ಮರಿಗಳನ್ನು ಆ ನೀರಿಗೆ ಸುರಿಯುತ್ತದೆ. ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಆ ನೀರನ್ನು ಊರು ಕುಡಿಯುತ್ತದೆ. ಮೆಟ್ಟಿಲಿಳಿದು ಕೊಡ ತುಂಬುವ ಬಾವಿಗಳಿದ್ದ ಊರುಗಳಲ್ಲಿ ಈ ಚಕ್ರ ವರ್ಷದಿಂದ ವರ್ಷಕ್ಕೆ ತಿರುಗುತ್ತಲೇ ಇತ್ತು.

ಇದಕ್ಕೆ ಅಂದೂ ಔಷಧವಿರಲಿಲ್ಲ, ಇಂದೂ ಇಲ್ಲ, ಲಸಿಕೆಯೂ ಇಲ್ಲ. ಹೊರಬಂದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರಪಟ್ಟು ಎಳೆದು ಹುಳು ಒಳಗೇ ಹರಿದರೆ ಕೀವು ತುಂಬಿ ಹಾಸಿಗೆ ಹಿಡಿಯುವುದೇ.

ನನ್ನ ಸೋದರಮಾವನಿಗೆ ಹಾಗೆಯೇ ಆಯಿತು. ಅದು 1980ರ ದಶಕ. ಸೇಡಂ ಸೀಮೆಯ ಒಂದು ಹಳ್ಳಿ. ಮಾವ ಎರಡೆತ್ತಿನ ಒಕ್ಕಲಿಗ. ಬೇಸಗೆಯಲ್ಲಿ ಬಾವಿಯ ನೀರು ತಳ ಸೇರಿದ್ದಾಗ ಆತನ ಮೀನಗಂಡದಿಂದ ನಾರು ಹೊರಟಿತು. ಹಗಲು ಹೇಗೋ ಕಳೆಯುವನು. ಸಂಜೆ ಕುಂಟುತ್ತ ಹೋಗಿ ಬಾವಿಯ ಕೊನೆಯ ಮೆಟ್ಟಿಲಲ್ಲಿ ಕುಳಿತು ಕಾಲು ನೀರಿಗಿಡುವನು. "ಇಲ್ಲಿ ಕುಂತರ ಉರಿ ಆರತದೋ" ಎನ್ನುವನು. ಪಕ್ಕದಲ್ಲೇ ನಾನು ಕೊಡ ತುಂಬುತ್ತಿದ್ದೆ. ಆ ವರ್ಷ ಹುಳು ಹರಿಯಿತು, ಬಿತ್ತನೆ ತಪ್ಪಿತು, ಒಂದು ಎತ್ತು ಮಾರಿಹೋಯಿತು.

ಆರೋಗ್ಯ ಇಲಾಖೆಯ ಕಾರ್ಯಕರ್ತರೊಬ್ಬರು ಬಂದು ಚಾವಡಿಯ ಮುಂದೆ ಭಾಷಣ ಮಾಡಿದರು. "ನಾರು ಇರುವವರು ಬಾವಿಗಿಳಿಯುವುದರಿಂದಲೇ ಊರಿಗೆ ರೋಗ ಬಂದಿದೆ; ಮೆಟ್ಟಿಲು ಮುಚ್ಚಿ" ಎಂದರು. ಹೇಳಿದ್ದು ಸತ್ಯ. ಆದರೆ ಎಲ್ಲರ ಕಣ್ಣು ಮಾವನ ಕಡೆ ತಿರುಗಿತು. ಆತ ತಲೆ ತಗ್ಗಿಸಿ ಎದ್ದುಹೋದ. ಮರುದಿನದಿಂದ ನಾರು ಇದ್ದವರೆಲ್ಲ ಅದನ್ನು ಬಟ್ಟೆ ಸುತ್ತಿ ಮರೆಮಾಡತೊಡಗಿದರು. ಕತ್ತಲಾದ ಮೇಲೆ ಬಾವಿಗಿಳಿಯತೊಡಗಿದರು. ಮೆಟ್ಟಿಲು ಮುಚ್ಚಲು ಯಾರೂ ಒಪ್ಪಲಿಲ್ಲ.

ಎರಡನೆಯ ಸಲ ಬಂದಾಗ ಆ ಕಾರ್ಯಕರ್ತರು ಭಾಷಣ ಮಾಡಲಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಮಾವನ ಪಕ್ಕದಲ್ಲಿ ಕುಳಿತು, "ಈ ಉರಿ ಹೇಗಿರುತ್ತದೆ, ಹೇಳ್ರಿ" ಎಂದು ಕೇಳಿದರು. ಬಹಳ ಹೊತ್ತು ಕೇಳುತ್ತಲೇ ಇದ್ದರು. ಕಾಲು ತಣಿಸಲು ಬೇರೆ ಬುಟ್ಟಿಯಲ್ಲಿ ನೀರಿಟ್ಟುಕೊಳ್ಳಬಹುದೆಂದೂ ಆ ನೀರನ್ನು ಬಾವಿಯಿಂದ ದೂರ ಒಣನೆಲಕ್ಕೆ ಚೆಲ್ಲಬೇಕೆಂದೂ ತಿಳಿಸಿದರು. ಹೆಂಗಸರನ್ನು ಕೇಳಿದರು. ಆಗ ಒಬ್ಬ ಮುದುಕಿ ಅಂದಳು: "ಮೆಟ್ಟಿಲು ಮುಚ್ಚಿದರ ಅರಿವಿ ಎಲ್ಲಿ ಒಗೀಬೇಕು, ದನಕ್ಕ ನೀರು ಎಲ್ಲಿ ಕುಡಿಸಬೇಕು?" ಊರು ಒಪ್ಪದಿದ್ದ ಕಾರಣ ಅಷ್ಟೇ ಆಗಿತ್ತು! ಅದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬಾವಿಗೆ ಕಟ್ಟೆ ಬಂದಿತು, ರಾಟೆ ಬಂದಿತು; ದೂರದಲ್ಲಿ ಒಗೆಯುವ ಕಲ್ಲೂ ದನದ ದೋಣಿಯೂ ಬಂದವು. ಕಲ್ಲಿಗೆ ನಮ್ಮಲ್ಲಿ ಬರವೇ? ಮನೆಮನೆಯ ಕೊಡದ ಬಾಯಿಗೆ ಎರಡು ಪದರದ ಬಟ್ಟೆ ಬಂದಿತು. ಆ ಕಟ್ಟೆಯ ಮೊದಲ ಕಲ್ಲನ್ನು ಕೈಯಾರೆ ಇಟ್ಟವನು ನನ್ನ ಮಾವ. ಆತ ಕೊನೆಯವರೆಗೂ ಕುಂಟುತ್ತಲೇ ಇದ್ದ. ಆದರೆ ಆತನ ಮೊಮ್ಮಕ್ಕಳಿಗೆ ನಾರು ಹೊರಡಲಿಲ್ಲ.

ಇದು ಒಂದೇ ಊರಿನ ಕತೆಯಲ್ಲ. ಭಾರತ ಸರಕಾರ ನಾರುಹುಣ್ಣಿನ ನಿರ್ಮೂಲನ ಕಾರ್ಯಕ್ರಮವನ್ನು 1983-84ರಲ್ಲಿ ಕೈಗೊಂಡಿತು. 1984ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳ 89 ಜಿಲ್ಲೆಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದರು, ಬಾವಿಗಳಿಗೆ ಟೆಮಿಫಾಸ್ ಹಾಕಿದರು, ಕೈಪಂಪುಗಳು ಬಂದವು, ಮೆಟ್ಟಿಲುಬಾವಿಗಳು ಸೇದುವ ಬಾವಿಗಳಾದವು. ದೇಶದ ಕೊನೆಯ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ 1996ರ ಜುಲೈ ತಿಂಗಳಲ್ಲಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತವೆಂದು ಸಾರಿತು. 1986ರ ಸುಮಾರಿಗೆ ಜಗತ್ತಿನಲ್ಲಿ 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ 2024ರಲ್ಲಿ 15 ಮಂದಿಯಲ್ಲಿ ಮಾತ್ರ ಕಂಡಿತು. ಇಲಾಖೆ ಹಣವನ್ನೂ ವಿದ್ಯೆಯನ್ನೂ ತಂದಿತು, ನಿಜ. ಆದರೆ ನೀರು ಸೋಸುವ ಕೈ, ಕಾಲು ಹಿಂತೆಗೆಯುವ ಮನಸ್ಸು ಊರಿನವು.

ನಮ್ಮ ನುಡಿಯಲ್ಲಿ 'ಮಾತುಕತೆ' ಎಂಬ ಒಳ್ಳೆಯ ಜೋಡುಪದವಿದೆ. ನಾನು ಹೇಳುವುದು ಮಾತು. ಎದುರಿನವರು ತಮ್ಮ ಅನುಭವ ಹೇಳಿದರೆ ಅದು ಕತೆ. ಎರಡೂ ಕೂಡಬೇಕು. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಈ ಊರು, ಹಿಂದೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಈ ನಾಡವರನ್ನು ಹೊಗಳುವಾಗ, ಇವರು ಔಚಿತ್ಯವರಿತು ಮಾತನಾಡಬಲ್ಲವರು ಎಂದಷ್ಟಕ್ಕೇ ನಿಲ್ಲಿಸುವುದಿಲ್ಲ; ಇತರರು ಆಡಿದ್ದನ್ನು ಗ್ರಹಿಸಿ ವಿಚಾರಿಸಬಲ್ಲವರು ಎಂದೂ ಹೇಳುತ್ತದೆ. ಆ ಎರಡನೆಯ ಗುಣವೇ ನಮ್ಮ ಬಾವಿಯನ್ನು ಉಳಿಸಿತು.

ಇಂದಿಗೂ ಅದರ ಕೆಲಸ ಮುಗಿದಿಲ್ಲ. ಪೇಟೆಯಲ್ಲಿ ನಲ್ಲಿಯ ನೀರು ದಿನ ಬಿಟ್ಟು ದಿನ ಬಂದರೆ ನಾವು ಪೀಪಾಯಿಗಳಲ್ಲಿ ತುಂಬಿಡುತ್ತೇವೆ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಆ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪೀಪಾಯಿ ಬರಿದುಮಾಡಿ ತಿಕ್ಕಿ ಮುಚ್ಚಿದರೆ ಕೆಲಸವಾಯಿತು. ಆದರೆ ನಾನು ತಿಕ್ಕಿ, ಪಕ್ಕದ ಮನೆಯವರು ಬಿಟ್ಟರೆ ಸೊಳ್ಳೆ ಗೋಡೆ ದಾಟದೆ ಇದ್ದೀತೆ? ಕಲ್ಲು ಕೊಯ್ಯುವಲ್ಲಿ ಹಾರುವ ಧೂಳು ಕಾರ್ಮಿಕನ ಎದೆಗೂಡಿಗೆ ಕೇಡು. ನೀರು ಹಾಯಿಸುತ್ತ ಕೊಯ್ದರೆ ಧೂಳು ಅಡಗುತ್ತದೆ. ಒಡೆಯರೂ ಕಾರ್ಮಿಕರೂ ಒಂದೆಡೆ ಕುಳಿತಾಗಲೇ ಅದು ನಡೆದೀತು. ಚಿಂಚೋಳಿಯ ಕಾಡಂಚಿನ ತಾಂಡಾದ ತಾಯಿಗೆ ಮಗುವಿನ ಲಸಿಕೆಯ ವಿಷಯವನ್ನು ಆಕೆಯ ಲಂಬಾಣಿ ನುಡಿಯಲ್ಲಿಯೇ ಹೇಳುವವರು ಬೇಕು; ಆಕೆಯ ಅಂಜಿಕೆಯನ್ನು ಕೇಳುವವರೂ ಬೇಕು.

2005ರಲ್ಲಿ ಮೊದಲಾದ ಗ್ರಾಮೀಣ ಆರೋಗ್ಯ ಅಭಿಯಾನವು ಆಶಾ ಕಾರ್ಯಕರ್ತೆಯನ್ನೂ ಊರಿನ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯನ್ನೂ ನಮಗೆ ಕೊಟ್ಟಿದೆ. ಗ್ರಾಮಸಭೆಯಿದೆ, ಸ್ತ್ರೀಶಕ್ತಿ ಸಂಘಗಳಿವೆ, ಶಾಲೆಯಿದೆ, ಮಠ-ಮಸೀದಿಗಳಿವೆ. ಸಮಿತಿಯ ಪುಸ್ತಕದಲ್ಲಿ ಸಹಿ ಬೀಳುವುದು ಸುಲಭ. ಸಹಿಗೆ ಮುಂಚೆ ಆ ಮುದುಕಿಯಂಥ ಒಬ್ಬಳು ಬಾಯಿ ತೆರೆದು ತನ್ನ ಅಡಚಣೆಯನ್ನು ಹೇಳುವಂತಾಯಿತೆ ಎಂದು ನೋಡಬೇಕು.

ನಾಳೆ ಆಶಾ ಕಾರ್ಯಕರ್ತೆ ತಮ್ಮ ಬಾಗಿಲಿಗೆ ಬಂದು ನೀರಿನ ಪೀಪಾಯಿ ನೋಡಬೇಕೆಂದರೆ, ದಯಮಾಡಿ ಆಕೆಯನ್ನು ಒಳಗೆ ಕರೆಯಿರಿ, ಕುಳ್ಳಿರಿಸಿರಿ. ಆಕೆ ಹೇಳುವುದನ್ನು ಕೇಳಿರಿ. ತಮ್ಮ ಓಣಿಯ ತೊಂದರೆಯನ್ನೂ ಹೇಳಿರಿ. ಆಮೇಲೆ ಪಕ್ಕದ ಮನೆಯ ಕದ ತಟ್ಟಿರಿ. ಆದರೆ, "ನಿಮ್ಮಿಂದಲೇ ರೋಗ" ಎಂದು ಮಾತ್ರ ಮೊದಲು ಮಾಡಬೇಡಿರಿ.